ತಂತಿ ಯಾವ ಮಗ್ಗುಲಿಗೆ

ಮೂರು ತೂತು ನನ್ನ ಲ್ಯಾಪ್‌ಟಾಪಿಗೆ.
ಹಿಂದೊಂದು ಗುಂಡನೆಯದು. ಅದರ ಚಾರ್ಜರು
ಲೀಡ್ಸಿನಿಂದ ಹಲ್‌ಗೆ ಬರುವಾಗ ಬಸ್ಸಿನಲ್ಲೇ ಉಳಿಯಿತು,
ಈಗದು ಕೀಲಿಕೈ ಕಳಕೊಂಡ ಬೀಗ.
ಇನ್ನೆರಡು ಟೈಪ್-ಸಿ, ಎಡಕ್ಕೊಂದು ಬಲಕ್ಕೊಂದು,
ಕುಚ್ಚಲಕ್ಕಿಯಷ್ಟು ಬಾಯಿ,
ಅವಳಿ ಜವಳಿ.

ಗೋಡೆಯ ಪ್ಲಗ್ಗು ನನ್ನ ಬಲಕ್ಕೆ.
ಬಲಕ್ಕೇ ಚುಚ್ಚುತ್ತಿದ್ದೆ ನಾಲ್ಕು ವರ್ಷ,
ಯೋಚಿಸದೆ, ಹೊಸ್ತಿಲಿಗೆ ಬಲಗಾಲಿಟ್ಟ ಹಾಗೆ.
ರಾತ್ರಿ ಹನ್ನೊಂದರಿಂದ ಮೂರು ಗಂಟೆ
ಕೋಲ್ಡ್ ಸ್ಟೋರೇಜಿನ ಬಿಲ್ಲುಗಳು:
ಹ್ಯಾಡಕ್ ಇಷ್ಟು ಪೆಟ್ಟಿಗೆ, ಕಾಡ್ ಇಷ್ಟು.
ಮೀನು ಮುಟ್ಟದ ಮನೆಯವಳು
ಮೀನಿನ ತೂಕ ಬರೆದು ಬಾಡಿಗೆ ಕಟ್ಟುತ್ತೇನೆ.

ಹಗಲಿಗೆ ಅದು ಮೇದಿನಿಯದು. ಎಂಟು ವರ್ಷ, ಎಡಚಿ.
ಎಡಗೈಯಲ್ಲಿ ಪೆನ್ಸಿಲು, ಎಡಗೈಯಲ್ಲಿ ಚಮಚ,
ತಂತಿಯನ್ನೂ ಮೇಜಿನ ಹಿಂದಿನಿಂದ ಸುತ್ತಿಸಿ ಎಳೆದು
ಎಡದ ಬಾಯಿಗೇ ಇಡುವಳು.
"ಬಲಗಡೆ ಹತ್ತಿರ ಇದೆಯಲ್ಲೇ" ಎಂದರೆ
"ನಿನಗೆ ಹತ್ತಿರ" ಎನ್ನುವಳು, ತಲೆ ಎತ್ತದೆ.

ಜನವರಿಯ ಒಂದು ರಾತ್ರಿ ದೀಪ ಹತ್ತಲಿಲ್ಲ.
ಎಡಕ್ಕಂತೂ ಉಸಿರೇ ಇಲ್ಲ.
ಬಲಕ್ಕೆ, ಬಸ್ ಟಿಕೆಟು ಮಡಚಿ ಅಡಿಗಿಟ್ಟು
ತಂತಿಯನ್ನು ಮೇಲಕ್ಕೆ ಬಾಗಿಸಿ ಹಿಡಿದರೆ
ಹತ್ತುತ್ತದೆ, ಆರುತ್ತದೆ, ಹತ್ತುತ್ತದೆ.
ಬೈದೆ. ನಿದ್ದೆಯಲ್ಲಿದ್ದವಳನ್ನು ಎಬ್ಬಿಸಿ ಬೈದೆ:
"ಎಡಕ್ಕೆ ಎಡಕ್ಕೆ ಅಂತ ಹಾಳು ಮಾಡಿಟ್ಟೆ."

ಬೈದ ಮೇಲೆ ಗೊತ್ತಾಯಿತು, ದನಿ ನನ್ನದಲ್ಲ.
ಲಂಗದ ಲಾಡಿಯಿಂದ ನನ್ನ ಎಡಗೈಯನ್ನು ಸೊಂಟಕ್ಕೆ ಕಟ್ಟಿ
ತಾಟಿನ ಮುಂದೆ ಕೂಡಿಸಿದ ಸೋದರತ್ತೆಯದು:
"ರೊಡ್ಡಿ, ಆ ಕೈ ತೊಳಿಯಾಕ, ಈ ಕೈ ಉಣ್ಣಾಕ."
ಒಂದು ಬೇಸಿಗೆ ಸಾಕಾಯಿತು.
ಈಗ ನನ್ನ ಬಲಗೈ ಅಕ್ಷರ ದುಂಡಗಿದೆ,
ಎಲ್ಲರೂ ಹೊಗಳುತ್ತಾರೆ.

ಶನಿವಾರ ಮಾರ್ಕೆಟ್ಟಿನ ಮೂಲೆ,
ಗುಂಡಿ ದಾರ ಮಾರುವವನ ಪಕ್ಕ ಮೌರೀನಳ ರಿಪೇರಿ ಅಂಗಡಿ.
ಹಣೆಗೆ ದೀಪ ಕಟ್ಟಿಕೊಂಡ ಅರವತ್ತರ ಹೆಂಗಸು.
ಎಡದ ಬಾಯಿಗೆ ಹಲ್ಲುಕಡ್ಡಿ ಹಾಕಿ ಕೆದಕಿದಳು:
ಬೂದುಬಣ್ಣದ ನೂಲಿನುಂಡೆ,
ಬಿಸ್ಕತ್ತಿನ ಪುಡಿ,
ಅರ್ಧ ಮಿಣುಕು ಚಮಕಿ.
"ಇದಕ್ಕೇನೂ ಆಗಿಲ್ಲ ಲವ್, ಬರೀ ಧೂಳು."
ಆಮೇಲೆ ಬಲಕ್ಕೆ ಬಗ್ಗಿ, ಬಹಳ ಹೊತ್ತು ನೋಡಿ,
"ಸತ್ತಿರೋದು ಇದು. ದಿನಾ ಒಂದೇ ಕಡೆ ಜಗ್ಗಿದರೆ
ಇನ್ನೇನಾಗುತ್ತೆ?"
ಹೊಸ ಬಾಯಿಗೆ ಎಂಬತ್ತೈದು ಪೌಂಡು.
ಧೂಳಿಗೆ ಏನೂ ತಗೊಳ್ಳಲಿಲ್ಲ.

ಕೇಳಿದೆ, ನಾಚುತ್ತಲೇ: ಎಡದ್ದು ಸ್ವಲ್ಪ ನಿಧಾನವೇ? ಕಡಿಮೆಯೇ?
"ಒಳಗೆ ಹೋಗಿ ಎರಡೂ ಒಂದೇ ಬ್ಯಾಟರಿಗೆ ಸೇರೋದು"
ಎಂದಳು, ಆಗಲೇ ಮುಂದಿನವನ ಫೋನು ಬಿಚ್ಚುತ್ತ.

ಮೇದಿನಿ ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ.
ಈ ಊರಿನ ಕೆನೆಬಣ್ಣದ ಟೆಲಿಫೋನ್ ಡಬ್ಬದ ಎದುರು ಕೂತು
ಶೂ ಲೇಸನ್ನು ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿದಳು.
ತಪ್ಪಾಯಿತು ಎನ್ನಬೇಕಿತ್ತು.
"ಚಿಪ್ಸ್ ತಿನ್ನೋಣವಾ?" ಎಂದೆ.

ರಾತ್ರಿ ಮೇಜನ್ನೇ ತಿರುಗಿಸಿದೆವು ಇಬ್ಬರೂ,
ಅವಳೊಂದು ಕಡೆ ನಾನೊಂದು ಕಡೆ, ಕಾಲು ಕೀಚಲು ಹಾಕುತ್ತ,
ಪ್ಲಗ್ಗು ಎಡಕ್ಕೆ ಬರುವ ಹಾಗೆ.
ನಾಲ್ಕು ವರ್ಷ ಬೆನ್ನಿಗಿದ್ದ ಕಿಟಕಿ ಈಗ ಎದುರಿಗೆ.
ಎದುರುಮನೆಯಲ್ಲಿ ಯಾರೋ ಎರಡು ಗಂಟೆಗೆ
ಇಸ್ತ್ರಿ ಮಾಡುತ್ತಿದ್ದಾರೆ. ದಿನಾ ಮಾಡುತ್ತಿದ್ದರೋ ಏನೋ.

ಹಳದಿ ದೀಪ ಹತ್ತಿದೆ, ಟಿಕೆಟು ಬೇಡ.
ಹ್ಯಾಡಕ್ ನಲವತ್ತೆರಡು ಪೆಟ್ಟಿಗೆ.
ಬಲಗೈ ಇನ್ನೂ ಬಲಕ್ಕೇ ಹೋಗಿ
ಇಲ್ಲದ ತಂತಿಯನ್ನು ತಡಕುತ್ತದೆ.
ಎಡಗೈ ಮೇಜಿನ ಮೇಲೆ ಸುಮ್ಮನಿದೆ,
ಹಗ್ಗ ಬಿಚ್ಚಿದ್ದು ತಿಳಿಯದೆ
ಗೂಟದ ಬಳಿಯೇ ನಿಂತ ಕರುವಿನ ಹಾಗೆ.